ಮೈಸೂರಿನ 'ಗಲ್ಫ್ ಆಯಿಲ್ ಅಂಡ್ ಗ್ಯಾಸ್' ಕೋರ್ಸು: 65 ಸಾವಿರದ ಫೀಸಿಗೆ ನಮಗೆ ಸಿಕ್ಕಿದ್ದು

ಮೊದ್ಲೇ ಹೇಳ್ಬುಡ್ತೀನಿ, ಇನ್‌ಸ್ಟಿಟ್ಯೂಟ್ ಹೆಸರು ಬರೆಯಲ್ಲ. ಹೆದರ್ಕೊಂಡು ಅಲ್ಲ. ಅಲ್ಲಿ ವೆಲ್ಡಿಂಗ್ ಹೇಳ್ಕೊಡೋ ಮೇಷ್ಟ್ರು ಒಬ್ರು ಅವ್ರೆ, ಅಂಥವ್ರು ಮೈಸೂರಲ್ಲಿ ಇನ್ನೊಬ್ರು ನನ್ನ ಕಣ್ಣಿಗೆ ಬಿದ್ದಿಲ್ಲ, ಹೆಸರು ಹಾಕಿದ್ರೆ ಅವ್ರ ಅನ್ನಕ್ಕೆ ಮಣ್ಣು ಹಾಕ್ದಂಗಾಯ್ತದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಐತೆ ಅಷ್ಟೇ ತಿಳ್ಕೊಳಿ. ಹೊರಗಡೆ ಎರಡಾಳು ಎತ್ತರದ ಫ್ಲೆಕ್ಸು, ಹಳದಿ ಹೆಲ್ಮೆಟ್ ಹಾಕಿರೋ ಹುಡ್ಗ ಹಲ್ಲು ಬಿಟ್ಕೊಂಡು ನಿಂತವ್ನೆ, ಹಿಂದೆ ರಿಫೈನರಿ ಟವರ್ರು, ಅದ್ರ ಮೇಲೆ ಬುರ್ಜ್ ಖಲೀಫಾ. ರಿಫೈನರಿ ಪಕ್ಕ ಬುರ್ಜ್ ಖಲೀಫಾ ಎಲ್ಲಿಂದ ಬಂತೋ ದೇವ್ರೇ ಬಲ್ಲ.

ನಂದು ಪಾಂಡವಪುರದ ಕಡೆ ಊರು. 2008ರಲ್ಲಿ ಪೈಪ್ ಫಿಟ್ಟರ್ ಆಗಿ ಜುಬೈಲ್‌ಗೆ ಹೋದೋನು, ಸೌದಿ, ಕುವೈತ್ ಎಲ್ಲಾ ಸೇರ್ಸಿ ಹನ್ನೆರಡು ವರ್ಷ ಮಣ್ಣು ಹೊತ್ತು, ಕೊನೆಗೆ ಪೈಪಿಂಗ್ ಫೋರ್‌ಮನ್ ಆಗಿ 2020ರಲ್ಲಿ ವಾಪಸ್ ಬಂದೆ. ಈಗ ಕಬ್ಬು, ಎರಡು ಹಸು, ಜೊತೆಗೆ ಸಣ್ಣದೊಂದು ಫ್ಯಾಬ್ರಿಕೇಶನ್ ಶೆಡ್ಡು. ನಮ್ಮಕ್ಕನ ಮಗ ಐಟಿಐ ಮುಗ್ಸಿ ಎರಡು ವರ್ಷ ಅಲ್ಲಿ ಇಲ್ಲಿ ಅಲೀತಿದ್ದೋನು ಒಂದಿನ ಬಂದು "ಮಾವ, ಮೈಸೂರಲ್ಲಿ ಆಯಿಲ್ ಅಂಡ್ ಗ್ಯಾಸ್ ಡಿಪ್ಲೊಮಾ ಐತಂತೆ, ಮೂರು ತಿಂಗ್ಳು, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತೆ" ಅಂದ. ನಾನು ಒಂದ್ಸಲ ನೋಡ್ಕೊಂಡು ಬರಾನ ತಡಿ ಅನ್ನೋದ್ರೊಳಗೆ ನಮ್ ಭಾವ 10 ಸಾವಿರ ಅಡ್ವಾನ್ಸ್ ಕಟ್ಟಿ ರಸೀದಿ ತಗೊಂಡಾಗಿತ್ತು. ರಸೀದಿ ಹಿಂದೆ ಸಣ್ಣಕ್ಷರದಲ್ಲಿ ವಾಪಸ್ ಕೊಡೋದಿಲ್ಲ ಅಂತ ಬರ್ದಿದ್ರು, ಅದನ್ನ ಯಾರು ಓದ್ತಾರೆ ಹೇಳಿ.

ಒಟ್ಟು ಫೀಸು 65 ಸಾವಿರ. ಮೊದಲ ತಿಂಗ್ಳು ಥಿಯರಿ, ಎರಡನೇ ತಿಂಗ್ಳು ವೆಲ್ಡಿಂಗು, ಮೂರನೇ ತಿಂಗ್ಳು 'ಇಂಟರ್‌ವ್ಯೂ ಮತ್ತು ಪ್ಲೇಸ್‌ಮೆಂಟ್'. ನಾನು ಒಟ್ಟು ನಾಲ್ಕು ಸಲ ಹೋಗಿ ಕೂತಿದೀನಿ, ಒಂದ್ಸಲ ಹುಡುಗನ ಜೊತೆ, ಮೂರು ಸಲ ಜಗಳಕ್ಕೆ.

ಒಳಗೆ ಹೋದ ತಕ್ಷಣ ರಿಸೆಪ್ಷನ್ ಹಿಂದೆ ಗೋಡೆ ತುಂಬ ಗಲ್ಫ್ ಮ್ಯಾಪು. ಅದ್ರ ಮೇಲೆ ಕೆಂಪು ಬಾವುಟ ಚುಚ್ಚವ್ರೆ, ಮೇಲ್ಗಡೆ 'ಹಾಟ್ ಪ್ರಾಜೆಕ್ಟ್ಸ್, ಸಾವಿರಾರು ಉದ್ಯೋಗ' ಅಂತ. ನೋಡ್ತಾ ನೋಡ್ತಾ ನಗು ಬಂತು, ಆಮೇಲೆ ಹೊಟ್ಟೆ ಉರೀತು. ಜುಬೈಲ್‌ನ ಸದಾರ ಅಂತ ಒಂದು ಬಾವುಟ. ನಾನೇ ಅಲ್ಲಿ ಸ್ಪೂಲ್, ಅಂದ್ರೆ ಮೊದ್ಲೇ ಜೋಡ್ಸಿಟ್ಟ ಪೈಪ್ ತುಂಡು, ಕೂರ್ಸಿದೀನಿ ಸ್ವಾಮಿ! 26 ಪ್ಲಾಂಟಿನ ಕಾಂಪ್ಲೆಕ್ಸು, ಸೌದಿ ಸರ್ಕಾರದ ಎಣ್ಣೆ ಕಂಪ್ನಿ ಅರಾಮ್ಕೊ ಮತ್ತೆ ಅಮೆರಿಕದ ಡೌ ಕೆಮಿಕಲ್ ಸೇರಿ ಕಟ್ಟಿದ್ದು, ಸುಮಾರು 20 ಬಿಲಿಯನ್ ಡಾಲರಿಂದು, 2017ಕ್ಕೇ ಎಲ್ಲಾ ಪ್ಲಾಂಟೂ ಓಡೋಕೆ ಶುರುವಾಗಿದ್ವು. ಇನ್ನೊಂದು ಬಾವುಟ ಕುವೈತ್‌ನ ಅಲ್-ಝೋರ್ ರಿಫೈನರಿ, ದಿನಕ್ಕೆ 6,15,000 ಬ್ಯಾರೆಲ್‌ದು, ಅದೂ ಕಟ್ಟಿ ಮುಗ್ದೈತೆ. ಓಮಾನ್‌ನ ದುಕ್ಮ್ ರಿಫೈನರಿ, 2,30,000 ಬ್ಯಾರೆಲ್, 2024ರ ಫೆಬ್ರವರೀಲಿ ಉದ್ಘಾಟನೆನೇ ಆಗೋಗೈತೆ. ಎಲ್ಲಕ್ಕಿಂತ ಮಜಾ ಅಂದ್ರೆ ಕತಾರ್‌ನ ಪರ್ಲ್ ಜಿಟಿಎಲ್. ಗ್ಯಾಸಿಂದ ಡೀಸೆಲ್ ಮಾಡೋ ಪ್ಲಾಂಟು, ಕಟ್ಟೋವಾಗ 52 ಸಾವಿರ ಜನ ಒಂದೇ ಸೈಟಲ್ಲಿ ಇದ್ದ ಕಾಲ ಒಂದಿತ್ತು, ನಿಜ. ಆದ್ರೆ ಅದು ಉತ್ಪಾದನೆ ಶುರು ಮಾಡಿದ್ದು 2011ರಲ್ಲಿ. ನಮ್ಮ ಹುಡ್ಗ ಆಗ ಮೂರನೇ ಕ್ಲಾಸು.

ಕೌನ್ಸೆಲರ್ ಮೇಡಂನ ಕೇಳ್ದೆ, ಮೇಡಂ ಇವೆಲ್ಲಾ ಮುಗ್ದೋಗಿವೆ ಕಣ್ರಿ ಅಂತ. "ಸರ್, ಇವು ವರ್ಲ್ಡ್ ಫೇಮಸ್ ಪ್ರಾಜೆಕ್ಟ್ಸ್" ಅಂದ್ರು. ಫೇಮಸ್ಸು ಸರಿ, ಅಲ್ಲಿಗೆ ಪೈಪ್ ಫಿಟ್ಟರ್ ಯಾಕ್ ಬೇಕು?

ಈ ರಿವ್ಯೂ ಬರೆಯೋಕೆ ಕೂತಿದ್ದೇ ಈ ಮಾತಿಗೆ. ಪ್ರಾಜೆಕ್ಟ್ ಅಂದ್ರೆ ಕಬ್ಬಿದ್ದಂಗೆ. ನಾಟಿ ಮಾಡೋವಾಗ ಬೇಕಾಗೋ ಆಳು ಬೇರೆ, ಕಳೆ ತೆಗೆಯೋವಾಗ ಬೇರೆ, ಕಟಾವಿನ ಗ್ಯಾಂಗ್ ಬೇರೆ, ಆಲೆಮನೇಲಿ ಕೊಪ್ಪರಿಗೆ ಮುಂದೆ ನಿಲ್ಲೋನು ಬೇರೆ. ಕಟಾವು ಮುಗಿದು ಕೂಳೆ ಬಿಟ್ಟ ಗದ್ದೆಗೆ ಕಟಾವಿನವ್ರನ್ನ ಕರ್ಕೊಂಡು ಹೋದ್ರೆ ಬೀಡಿ ಸೇದ್ಕೊಂಡು ವಾಪಸ್ ಬರ್ಬೇಕು ಅಷ್ಟೇ. ಅಲ್ಲೂ ಹಂಗೇ. ಪೇಪರಲ್ಲಿ ಇಷ್ಟು ಸಾವಿರ ಕೋಟಿ ಹೂಡಿಕೆ ಅಂತ ಬಂದಾಗ ಅದು ಬರೀ ಕಾಗದ, ಡಿಸೈನ್ ಆಫೀಸಿನವ್ರ ಕೆಲ್ಸ. ಆಮೇಲೆ ದುಡ್ಡು ಹಾಕೋದು ಖಾಯಂ ಅಂತ ತೀರ್ಮಾನ ಮಾಡ್ತಾರೆ, ಡಿಸೈನು, ಸಾಮಾನು, ಕಟ್ಟೋದು ಎಲ್ಲಾ ಸೇರಿದ ಇಪಿಸಿ ಕಾಂಟ್ರಾಕ್ಟ್ ಕೊಡ್ತಾರೆ. ಅಲ್ಲಿಂದ ಒಂದು ವರ್ಷ ಬರೀ ನೆಲ ಸಮ ಮಾಡೋದು, ಪೈಲಿಂಗು, ಕಾಂಕ್ರೀಟು. ಆಮೇಲೆ ಸ್ಟೀಲ್ ಸ್ಟ್ರಕ್ಚರು. ಪೈಪಿಂಗ್‌ನವ್ರಿಗೆ, ವೆಲ್ಡರ್‌ಗೆ, ಕ್ರೇನಿಗೆ ಸಾಮಾನು ಕಟ್ಟಿ ಎತ್ತಿಸೋ ರಿಗ್ಗರ್‌ಗೆ ಸುಗ್ಗಿ ಬರೋದು ಕಾಂಟ್ರಾಕ್ಟ್ ಕೊಟ್ಟು ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ, ನಾನು ನೋಡಿದ ಸೈಟಲ್ಲೆಲ್ಲಾ ಹೆಚ್ಚುಕಮ್ಮಿ ಇದೇ ಲೆಕ್ಕ. ಅದಾದ್ಮೇಲೆ ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟ್‌ನವ್ರು, ಇನ್ಸುಲೇಶನ್‌ನವ್ರು, ಕೊನೆಗೆ ಪ್ಲಾಂಟ್ ಓಡ್ಸಿ ನೋಡೋ ಕಮಿಷನಿಂಗ್‌ನವ್ರು ಬಂದ್ರು ಅಂದ್ರೆ ನೀನು ಪೆಟ್ಟಿಗೆ ಕಟ್ಟು ಅಂತಾನೇ.

ಹಂಗಾಗಿ ಹುಡುಗನಿಗೆ ಗೋಡೆ ಮ್ಯಾಪ್ ಬಿಡು, ನಾನು ಹೇಳೋದು ಕೇಳು ಅಂದೆ. ಜುಬೈಲ್‌ನಲ್ಲೇ ಸ್ಯಾಟೊರ್ಪ್ ರಿಫೈನರಿ ಪಕ್ಕ ಅಮಿರಾಲ್ ಅಂತ ಪೆಟ್ರೋಕೆಮಿಕಲ್ ಕಾಂಪ್ಲೆಕ್ಸು. 2022ರ ಡಿಸೆಂಬರಲ್ಲಿ ತೀರ್ಮಾನ, 11 ಬಿಲಿಯನ್ ಡಾಲರ್ ಅಂದಾಜು, 2023ರ ಜೂನಲ್ಲಿ ದೊಡ್ಡ ಕಾಂಟ್ರಾಕ್ಟ್‌ಗಳು ಕೊಟ್ರು, ಪ್ಲಾಸ್ಟಿಕ್‌ಗೆ ಬೇಕಾದ ಎಥಿಲೀನ್ ಗ್ಯಾಸ್‌ನ ವರ್ಷಕ್ಕೆ 16.5 ಲಕ್ಷ ಟನ್ ಮಾಡೋ ಕ್ರ್ಯಾಕರು. 2023ಕ್ಕೆ ಎರಡು ವರ್ಷ ಕೂಡ್ಸು, ವೆಲ್ಡರ್ ಸುಗ್ಗಿ ಯಾವಾಗ ಅಂತ ನೀನೇ ಲೆಕ್ಕ ಹಾಕು. ಅಬುಧಾಬಿಯ ರುವೈಸ್‌ನಲ್ಲಿ ಎಲ್‌ಎನ್‌ಜಿ (ದ್ರವ ಮಾಡಿದ ಗ್ಯಾಸ್) ಪ್ಲಾಂಟು, ವರ್ಷಕ್ಕೆ ತಲಾ 48 ಲಕ್ಷ ಟನ್‌ದು ಎರಡು ಟ್ರೇನು, ತೀರ್ಮಾನ ಆಗಿದ್ದು 2024ರ ಜುಲೈ. ಅದು ಅಮಿರಾಲ್‌ಗಿಂತ ಒಂದು ವರ್ಷ ತಡವಾಗಿ ನಡೀತೈತೆ. (ಟ್ರೇನ್ ಅಂದ್ರೆ ರೈಲಲ್ಲ. ಗ್ಯಾಸ್‌ನ ಮೈನಸ್ 162 ಡಿಗ್ರಿ ತನಕ ತಣ್ಣಗೆ ಮಾಡಿ ನೀರಿನಂಗೆ ಮಾಡೋ ಸಾಲು. ನಮ್ಮ ಹುಡ್ಗ ಮೊದಲ ವಾರ ರೈಲು ಅಂತಾನೇ ತಿಳ್ಕೊಂಡಿದ್ದ, ಕ್ಲಾಸಲ್ಲಿ ಯಾರೂ ತಿದ್ದಿರ್ಲಿಲ್ಲ.) ಕತಾರ್‌ನ ನಾರ್ತ್ ಫೀಲ್ಡ್ ಅಂತೂ ವರ್ಷಗಟ್ಲೆ ನಡೆಯೋ ಜಾತ್ರೆ, ವರ್ಷಕ್ಕೆ 77 ಮಿಲಿಯನ್ ಟನ್ ಎಲ್‌ಎನ್‌ಜಿ ಇದ್ದಿದ್ದನ್ನ ಮೊದ್ಲು 126ಕ್ಕೆ, ಆಮೇಲೆ 2030ರೊಳಗೆ 142ಕ್ಕೆ ಏರಿಸ್ತೀವಿ ಅಂತ ಗುರಿ ಹೇಳವ್ರೆ. ಸೌದಿಯ ಜಫೂರಾ ಗ್ಯಾಸ್ ಫೀಲ್ಡೂ ಅಷ್ಟೇ, ಒಂದೇ ಸಲ ಮುಗಿಯೋದಲ್ಲ, ಹಂತ ಹಂತವಾಗಿ 2030ರ ತನಕ ಎಳೀತದೆ. ಈ ಥರದ್ದು ಹೇಳಿ ಹುಡುಗ್ರನ್ನ ತಯಾರು ಮಾಡಿದ್ರೆ 65 ಅಲ್ಲ, 80 ಸಾವಿರ ತಗೊಳ್ಳಲಿ, ನಾನು ಕೇಳಲ್ಲ.

ಇನ್ನೊಂದು ವಿಷ್ಯ, ಇವ್ರು ಹೇಳೋದೇ ಇಲ್ಲ. ಶುರುವಾಗಿದ್ದೂ ನಿಂತೋಯ್ತದೆ. 2024ರ ಜನವರೀಲಿ ಸೌದಿ ಸರ್ಕಾರ ಅರಾಮ್ಕೊಗೆ ದಿನಕ್ಕೆ 13 ಮಿಲಿಯನ್ ಬ್ಯಾರೆಲ್ ಸಾಮರ್ಥ್ಯಕ್ಕೆ ಹೋಗೋದು ಬೇಡ, 12ಕ್ಕೇ ನಿಲ್ಸು ಅಂತು.  ಸಮುದ್ರದಲ್ಲಿ ನಿಂತಿದ್ದ ಎಷ್ಟೋ ಡ್ರಿಲ್ಲಿಂಗ್ ರಿಗ್ಗುಗಳ್ನ ಸಸ್ಪೆಂಡ್ ಮಾಡಿದ್ರು. ರಿಗ್ ನಿಂತ್ರೆ ಅದ್ರ ಪ್ಲಾಟ್‌ಫಾರ್ಮ್ ಕಟ್ಟೋ ಯಾರ್ಡಲ್ಲಿ ಕೆಲ್ಸ ನಿಲ್ತದೆ, ಅಲ್ಲಿಗೆ ಅಂತ ಸಾಲ ಮಾಡಿ ಕಾಯ್ತಾ ಕೂತಿದ್ದೋನ್ ಗತಿ ಏನು. ಇಂಥದ್ದು ಕ್ಲಾಸಲ್ಲಿ ಅರ್ಧ ಗಂಟೆ ಹೇಳಿದ್ರೆ ಸಾಕಿತ್ತು.

ಥಿಯರಿ ಕ್ಲಾಸಿನ ವಿಷ್ಯಕ್ಕೆ ಬತ್ತೀನಿ. ಎಸಿ ರೂಮು, ಪ್ರೊಜೆಕ್ಟರ್, ಟೈ ಕಟ್ಟಿದ ಹುಡ್ಗ, ಪಾಪ ಸೈಟೇ ನೋಡಿಲ್ಲ ಅನ್ಸುತ್ತೆ. ಸ್ಲೈಡಲ್ಲಿ ಗವಾರ್ ಫೀಲ್ಡ್, ಕುವೈತ್ ಅಂತ ಬರ್ದಿತ್ತು. ಕುವೈತ್‌ದು ಬುರ್ಗಾನ್ ಕಣಪ್ಪ, ಗವಾರ್ ಸೌದಿದು, 1948ರಲ್ಲಿ ಸಿಕ್ಕಿದ್ದು, ಸುಮಾರು 280 ಕಿಲೋಮೀಟರ್ ಉದ್ದ, ಮೈಸೂರಿಂದ ಬೆಂಗಳೂರಿಗೆ ಹೋಗಿ ವಾಪಸ್ ಬಂದಷ್ಟು ಹತ್ರಹತ್ರ, ಅಷ್ಟುದ್ದಕ್ಕೂ ಕೆಳಗೆ ಎಣ್ಣೆ ಅಂದೆ. ಹುಡ್ಗ ಬೇಜಾರ್ ಮಾಡ್ಕೊಳ್ಳದೆ ಅಲ್ಲೇ ತಿದ್ದಿದ, ಅದಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಡ್ತೀನಿ. ಆದ್ರೆ ಅಲ್ಲಿ ಪೆಟ್ರೋಕೆಮಿಕಲ್ ಯಾಕೆ ಬಂತು ಅಂತ ಯಾವ ಸ್ಲೈಡಲ್ಲೂ ಇರ್ಲಿಲ್ಲ. ಮೊದ್ಲು ಎಣ್ಣೆ ಜೊತೆ ಬರೋ ಗ್ಯಾಸ್‌ನ ಸುಮ್ನೆ ಸುಟ್ಟು ಬಿಸಾಕ್ತಿದ್ರು, 70ರ ದಶಕದಲ್ಲಿ ಸೌದಿಯವ್ರು ಅದನ್ನ ಹಿಡಿದು ಪೈಪಲ್ಲಿ ತರೋ ಜಾಲ ಕಟ್ಟೋಕೆ ಶುರು ಮಾಡಿದ್ರು, ಆ ಗ್ಯಾಸಿನಲ್ಲಿರೋ ಈಥೇನ್‌ನ 800 ಡಿಗ್ರಿ ಮೇಲೆ ಕಾಯ್ಸಿದ್ರೆ ಎಥಿಲೀನ್, ಅದ್ರಿಂದ ಪಾಲಿಥಿಲೀನ್. ನಮ್ಮ ಕಬ್ಬಿನ ಗದ್ದೇಲಿ ಹಾಸಿರೋ ಡ್ರಿಪ್ ಪೈಪಿದ್ಯಲ್ಲ, ಅದೇ ಸಾಮಾನು. ಮೀನು ಹಿಡಿಯೋರಿದ್ದ ಜುಬೈಲ್ ಊರು ಇಷ್ಟು ದೊಡ್ಡ ಇಂಡಸ್ಟ್ರಿಯಲ್ ಸಿಟಿ ಆಗಿದ್ದು ಹಿಂಗೆ. ಇದು ಗೊತ್ತಿದ್ರೆ ಹುಡ್ಗ ಇಂಟರ್‌ವ್ಯೂನಲ್ಲಿ ಪೈಪೊಳಗೆ ಏನ್ ಹರೀತದೆ ಅಂತ ಕೇಳಿದ್ರೆ ತಡವರಿಸಲ್ಲ. ನನಗೆ ನನ್ನ ಮೊದಲನೇ ಇಂಟರ್‌ವ್ಯೂನಲ್ಲಿ ಕೇಳಿದ್ದೇ ಅದನ್ನ, ನಾನು ಪೆಟ್ರೋಲ್ ಸರ್ ಅಂದಿದ್ದೆ.

ಇನ್ನು ವೆಲ್ಡಿಂಗ್ ಶೆಡ್ಡು. ಅದು ಹಿಂದಗಡೆ, ತಗಡು ಹೊದ್ಸಿದ್ದು, ಎಸಿ ಗಿಸಿ ಇಲ್ಲ. ಆದ್ರೆ ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಯ್ತು ಇಲ್ಲಿ ನಿಜವಾದ ಕೆಲ್ಸ ನಡೀತದೆ ಅಂತ. ಎಂಟು ಬೂತು, ಆರು ಟಿಗ್ ವೆಲ್ಡಿಂಗ್ ಮಷೀನು, 7018 ನಂಬರಿನ ವೆಲ್ಡಿಂಗ್ ರಾಡುಗಳ್ನ ಓವನ್ನಲ್ಲಿಟ್ಟವ್ರೆ. ಎಷ್ಟೋ ಕಡೆ ಪ್ಯಾಕೆಟ್ ಒಡೆದು ನೆಲದ ಮೇಲೆ ಎಸೆದಿರ್ತಾರೆ, ಗಾಳಿಯ ತೇವ ಹಿಡ್ಕೊಂಡು ಆಮೇಲೆ ವೆಲ್ಡು ಬಿರುಕು ಬಿಡ್ತದೆ. ಮೇಷ್ಟ್ರು ಅರವತ್ತರ ಮೇಲಿನವ್ರು, ಭದ್ರಾವತಿ ಕಡೆಯವ್ರು, ಗಲ್ಫಲ್ಲೂ ದುಡಿದವ್ರೆ, ಮಾತು ಕಮ್ಮಿ. ನಾನು ಯಾರು ಅಂತ ಗೊತ್ತಾದ್ಮೇಲೆ "ಏನಣ್ಣ, ಫೋರ್‌ಮನ್ನಾ, ಹಂಗಾದ್ರೆ ಈ ಜಾಯಿಂಟ್ ನೋಡಿ ಪಾಸೋ ಫೇಲೋ ಹೇಳು" ಅಂತ ಟಾರ್ಚ್ ಕೈಗೆ ಕೊಟ್ರು. ಒಳಗೆ ಇಣುಕಿದ್ರೆ ಕೆಳಗಡೆ ಆರು ಗಂಟೆ ಜಾಗದಲ್ಲಿ ರೂಟ್, ಅಂದ್ರೆ ವೆಲ್ಡಿನ ಮೊದಲ್ನೇ ಪದರ, ಒಳಕ್ಕೆ ಎಳ್ಕೊಂಡಿತ್ತು. ಫೇಲು ಅಂದೆ. ಆ ಜಾಯಿಂಟ್ ಹಾಕಿದ್ದೋನು ನಮ್ಮಕ್ಕನ ಮಗನೇ.

6ಜಿ ಅಂದ್ರೆ ಪೈಪನ್ನ 45 ಡಿಗ್ರಿ ಓರೆ ನಿಲ್ಸಿ, ಅದನ್ನ ಅಲುಗಾಡ್ಸದೆ ಸುತ್ತಲೂ ವೆಲ್ಡ್ ಮಾಡ್ಬೇಕು. ಮೇಲೆ, ಪಕ್ಕ, ತಲೆಕೆಳಗೆ ಎಲ್ಲಾ ಒಂದೇ ಜಾಯಿಂಟಲ್ಲಿ ಬತ್ತದೆ. ಬೇರೆ ಕಡೆ ಎಲ್ಲಾ ಸೀದಾ ಪ್ಲೇಟ್ ಮೇಲೆ ಎರಡು ವಾರ ಗೀಚ್ಸಿ ಸರ್ಟಿಫಿಕೇಟ್ ಕೊಡ್ತಾರೆ. ಇವ್ರು ಮೊದ್ಲು ಒಂದು ವಾರ ಬರೀ ಗ್ರೈಂಡಿಂಗ್, ಪೈಪಿನ ಅಂಚನ್ನ ಓರೆಯಾಗಿ ಉಜ್ಜಿ ಬೆವೆಲ್ ಹೊಡೆಯೋದು, ಗ್ಯಾಪ್ ಇಡೋದು, ಎರಡು ಪೈಪಿನ ಒಳಗೋಡೆ ಸಮ ಕೂರೋಹಂಗೆ ಅಲ್ಲಲ್ಲಿ ಚುಕ್ಕೆ ವೆಲ್ಡ್ ಹಾಕಿ ಟ್ಯಾಕ್ ಮಾಡೋದು. ಹುಡುಗ್ರು ಗೊಣಗ್ತಿದ್ರು, ದುಡ್ಡು ಕೊಟ್ಟು ಗ್ರೈಂಡಿಂಗ್ ಮಾಡ್ಬೇಕಾ ಅಂತ. ಸರಿಯಾಗೇ ಕಲಿಸ್ತವ್ರೆ ಕಣ್ರೋ, ಫಿಟ್‌ಅಪ್, ಅಂದ್ರೆ ಈ ಜೋಡಣೆ, ಕೆಟ್ರೆ ದೇವ್ರು ಬಂದು ವೆಲ್ಡ್ ಮಾಡಿದ್ರೂ ಎಕ್ಸ್‌ರೇ ಪಾಸಾಗಲ್ಲ. ಸ್ಟೇನ್‌ಲೆಸ್ ಪೈಪಿಗೆ ಒಳಗಡೆ ಆರ್ಗಾನ್ ತುಂಬಿ ವೆಲ್ಡ್ ಮಾಡೋದನ್ನೂ ಮಾಡ್ಸಿದ್ರು, ಗ್ಯಾಸ್ ಖರ್ಚು ಅಂತ ಇದನ್ನ ಯಾವ ಇನ್‌ಸ್ಟಿಟ್ಯೂಟೂ ಮಾಡ್ಸಲ್ಲ.

ಎಚ್‌2ಎಸ್, ಅಂದ್ರೆ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್ ಬಗ್ಗೆನೂ ಪಾಠ ಮಾಡಿದ್ದು ಈ ಮೇಷ್ಟ್ರೇ, ಸಿಲಬಸ್‌ನಲ್ಲಿ ಅದು ಟೈ ಹುಡುಗನ ಪಾಲಿಗಿದ್ರೂ. ಕೊಳೆತ ಮೊಟ್ಟೆ ವಾಸ್ನೆ ಬರೋ ಗ್ಯಾಸು, ಗಾಳಿಗಿಂತ ಭಾರ, ತಗ್ಗಲ್ಲಿ ನಿಂತ್ಕೊಳ್ತದೆ. ಮಜಾ ಅಲ್ಲ, ಭಯ ಏನಂದ್ರೆ ಗಾಳೀಲಿ ಹತ್ತು ಲಕ್ಷ ಪಾಲಿಗೆ 100 ಪಾಲು (100 ಪಿಪಿಎಂ) ಹತ್ರ ಹೋದ್ರೆ ಮೂಗೇ ಸತ್ತೋಗಿ ವಾಸ್ನೆ ಬರೋದು ನಿಂತೋಯ್ತದೆ, ಹೋಗ್ಬುಡ್ತು ಅಂತ ನಾವು ಒಳಗಿಳೀತೀವಿ. ಒಬ್ಬ ಬಿದ್ರೆ ಎತ್ತೋಕೆ ಅಂತ ಇನ್ನೊಬ್ಬ ಓಡ್ತಾನೆ, ಅವನೂ ಬೀಳ್ತಾನೆ. ಮೇಷ್ಟ್ರು ಹೇಳಿದ್ದು ಒಂದೇ ಮಾತು: "ಅಲಾರಂ ಹೊಡೆದ್ರೆ ಗಾಳಿ ಯಾವ ಕಡೆಯಿಂದ ಬೀಸ್ತೈತೆ ನೋಡು, ಅದಕ್ಕೆ ಅಡ್ಡಡ್ಡ ಓಡಿ ಆಮೇಲೆ ಗಾಳಿ ಬರೋ ಕಡೆ ಹತ್ತು, ಫ್ರೆಂಡ್‌ನ ಎತ್ತೋಕೆ ಹೋಗ್ಬೇಡ, ಮಾಸ್ಕ್ ಹಾಕಿದೋರು ಬತ್ತಾರೆ." ನಾನು ಕೆಲ್ಸ ಮಾಡಿದ ಒಂದು ಸೈಟಲ್ಲಿ ಇದನ್ನ ಕಲಿಯೋಕೆ ನಮ್ಮ ಕ್ಯಾಂಪಿನ ಇಬ್ರು ಆಸ್ಪತ್ರೆ ಸೇರ್ಬೇಕಾಯ್ತು.

ಸರ್ಟಿಫಿಕೇಟ್ ಕಥೆ. ಕೋರ್ಸಿನ ಜೊತೆ ಎನ್‌ಡಿಟಿ (ವೆಲ್ಡನ್ನ ಒಡೆಯದೆ ಎಕ್ಸ್‌ರೇ ಥರದ್ರಲ್ಲಿ ಪರೀಕ್ಷೆ ಮಾಡೋದು) ಲೆವೆಲ್ 2 ಫ್ರೀ ಅಂತವ್ರೆ, ಐದು ದಿನ. ಚೆನ್ನಾಗಿ ಹೊಳೆಯೋ ಕಾಗದ, ಮೇಲೆ ಇಂಟರ್‌ನ್ಯಾಷನಲ್ ಅಂತ ಎರಡು ಸಲ ಬರೆದೈತೆ. ಇದು ಸಾಮಾನ್ಯವಾಗಿ ನಡೆಯೋ ಪದ್ಧತೀಲಿ, ಎಸ್‌ಎನ್‌ಟಿ-ಟಿಸಿ-1ಎ ಅಂತಾರೆ, ಕ್ಲಾಸಿನ ಗಂಟೆ ಜೊತೆ ಕೆಲಸದ ಅನುಭವದ ಗಂಟೆನೂ ಬೇಕು, ಸರ್ಟಿಫೈ ಮಾಡೋ ಜವಾಬ್ದಾರಿ ನಿನ್ನ ಕೆಲಸಕ್ಕಿಟ್ಟ ಕಂಪ್ನಿದು. ಒಂದು ದಿನವೂ ಫೀಲ್ಡ್ ನೋಡ್ದೋನ್ ಕೈಲಿ ಆ ಕಾಗದ ಇದ್ರೆ ಇಂಟರ್‌ವ್ಯೂ ಮಾಡೋನು ಅದನ್ನ ಪಕ್ಕಕ್ಕಿಟ್ಟು ನಗ್ತಾನೆ, ನಾನೇ ನೋಡಿದೀನಿ. ವೆಲ್ಡರ್‌ಗೂ ಹಂಗೇ, ಯಾವ ಸರ್ಟಿಫಿಕೇಟ್ ತಗೊಂಡು ಹೋದ್ರೂ ಸೈಟಲ್ಲಿ ಮತ್ತೆ ಟೆಸ್ಟ್ ಪೀಸ್ ಹಾಕ್ಸೇ ಹಾಕ್ಸ್ತಾರೆ. ಪಾಸಾದ್ಮೇಲೂ ಆರು ತಿಂಗ್ಳು ಆ ಪ್ರೊಸೆಸ್‌ನಲ್ಲಿ ಕೆಲ್ಸ ಮಾಡ್ದೆ ಇದ್ರೆ ಕ್ವಾಲಿಫಿಕೇಶನ್ ಬಿದ್ದೋಯ್ತದೆ, ಅಮೆರಿಕದ ಎಂಜಿನಿಯರ್‌ಗಳ ಸಂಸ್ಥೆ ಎಎಸ್‌ಎಂಇ ಮಾಡಿರೋ ಸೆಕ್ಷನ್ 9ರ ನಿಯಮ ಅದು. ಅಂದ್ರೆ ಇವತ್ತು ಕಲಿತು ಪ್ರಾಜೆಕ್ಟ್ ಬರ್ಲಿ ಅಂತ ಒಂದು ವರ್ಷ ಮನೇಲಿ ಕೂತ್ರೆ ಕೈಯೂ ಹೋಯ್ತು ಕಾಗದವೂ ಹೋಯ್ತು.

ಮೂರನೇ ತಿಂಗಳ 'ಪ್ಲೇಸ್‌ಮೆಂಟ್' ನನ್ನ ಜಗಳಕ್ಕೆ ಕಾರಣ. ಬೇರೆ ಊರಿನ ಒಬ್ಬ ಏಜೆಂಟ್‌ನ ಕರೆಸಿದ್ರು. ಸೂಟ್‌ಕೇಸ್ ಹಿಡ್ಕೊಂಡು ಬಂದವ್ನು ಹದಿನೈದು ನಿಮಿಷದಲ್ಲಿ ಹನ್ನೊಂದು ಹುಡುಗ್ರನ್ನ ಸೆಲೆಕ್ಟ್ ಮಾಡ್ದ, ಒಬ್ಬನಿಗೂ ಟೆಸ್ಟ್ ಪೀಸ್ ಕೊಡ್ಲಿಲ್ಲ, ವೆಲ್ಡಿಂಗ್ ಮೇಷ್ಟ್ರನ್ನ ಮಾತಾಡ್ಸಲೂ ಇಲ್ಲ. ಸರ್ವಿಸ್ ಚಾರ್ಜ್ 1,20,000, ಮೊದ್ಲು ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಅಲ್ಲೇ ಬದಲಾಯ್ಸಿಕೊಡ್ತೀವಿ. ನಮ್ಮಕ್ಕ ಓಲೆ ಒತ್ತೆ ಇಡೋಕೆ ರೆಡಿ ಆಗ್ಬುಟ್ಟಿದ್ಲು. ನಾನು ಅಲ್ಲೇ ಕೇಳ್ದೆ, ಸ್ವಾಮಿ ಸರ್ಕಾರದ ನಿಯಮದ ಪ್ರಕಾರ ರಿಜಿಸ್ಟರ್ ಆಗಿರೋ ಏಜೆಂಟು ತಗೋಬೋದಾದ್ದು ಹೆಚ್ಚೆಂದ್ರೆ 30 ಸಾವಿರ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 35,400, ಅದೂ ರಸೀದಿ ಕೊಟ್ಟು, ನಿಮ್ಮ ಲೈಸೆನ್ಸ್ ನಂಬರ್ ಹೇಳಿ, ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ಇಲ್ಲೇ ನೋಡಾನ ಅಂತ. ಅವ್ರು ಫೋನ್ ಬಂತು ಅಂತ ಹೊರಗೆ ಹೋದೋರು ಮತ್ತೆ ಒಳಗೆ ಬರ್ಲಿಲ್ಲ. ಇನ್‌ಸ್ಟಿಟ್ಯೂಟ್ ಮ್ಯಾನೇಜರ್ ನನ್ನನ್ನ ಪಕ್ಕಕ್ಕೆ ಕರ್ದು ಬೇರೆ ಹುಡುಗ್ರ ಭವಿಷ್ಯ ಯಾಕ್ ಹಾಳ್ ಮಾಡ್ತೀರ ಅಂದ್ರು. ವಿಸಿಟ್ ವೀಸಾದಲ್ಲಿ ದುಡಿಯೋಕೆ ಹೋಗಿ ಸಿಕ್ಕಾಕ್ಕೊಂಡ್ರೆ ಭವಿಷ್ಯ ಏನಾಯ್ತದೆ ಅಂತ ನಾನು ಕೇಳಿದ್ದಕ್ಕೆ ಉತ್ತರ ಇಲ್ಲ. ಹನ್ನೊಂದ್ರಲ್ಲಿ ಇಬ್ರು ಆಮೇಲೂ ದುಡ್ಡು ಕೊಟ್ಟವ್ರೆ ಅಂತ ಕೇಳ್ದೆ, ಏನಾಯ್ತೋ.

(ಸೇರೋರಿಗೆ ಇದನ್ನೂ ಹೇಳ್ಬೇಕು: ಹತ್ತನೇ ಕ್ಲಾಸ್ ಪಾಸಾಗದೆ ಇದ್ರೆ ಪಾಸ್‌ಪೋರ್ಟ್ ಇಸಿಆರ್ ಬತ್ತದೆ, ಅಂದ್ರೆ ಗಲ್ಫ್ ಥರದ ದೇಶಕ್ಕೆ ಕೆಲ್ಸಕ್ಕೆ ಹೋಗೋಕೆ ಸರ್ಕಾರದ ಒಪ್ಪಿಗೆ ಬೇಕು, ಅಂಥೋರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ, ಎರಡು ವರ್ಷಕ್ಕೆ 275 ರೂಪಾಯಿ, 10 ಲಕ್ಷದ ವಿಮೆ. ಇಷ್ಟು ಕಮ್ಮಿ ದುಡ್ಡಿಂದು ಅಂತಾನೋ ಏನೋ ಯಾವ ಏಜೆಂಟೂ ಬಾಯಿ ಬಿಟ್ಟು ಹೇಳಲ್ಲ.)

ನನಗೆ ಅರ್ಥ ಆಗದೇ ಇರೋದು ಮಂಗಳೂರು ಹೆಸರನ್ನೇ ಇವ್ರು ಯಾಕೆ ಎತ್ತಲ್ಲ ಅಂತ. ರಾತ್ರಿ ಬಸ್ ಹತ್ತಿದ್ರೆ ಬೆಳಗ್ಗೆ ಹೊತ್ತಿಗೆ ಅಲ್ಲಿರ್ತೀವಿ, ವರ್ಷಕ್ಕೆ 15 ಮಿಲಿಯನ್ ಟನ್‌ನ ಎಂಆರ್‌ಪಿಎಲ್ ರಿಫೈನರಿ ಐತೆ, ಪಕ್ಕದಲ್ಲಿ ಕಚ್ಚಾತೈಲ ತುಂಬಿಡೋ ನೆಲದಡಿ ಗವಿಗಳವೆ, ಮಂಗಳೂರಲ್ಲಿ 15 ಲಕ್ಷ ಟನ್, ಪಾದೂರಲ್ಲಿ 25 ಲಕ್ಷ ಟನ್. ರಿಫೈನರಿ ಅಂದ್ಮೇಲೆ ಕೆಲವು ವರ್ಷಕ್ಕೊಂದ್ಸಲ ಯೂನಿಟ್ ನಿಲ್ಸಿ ಶಟ್‌ಡೌನ್ ತಗೊಳ್ಳಲೇಬೇಕು, ಆಗ ಮೂವತ್ತು ನಲವತ್ತು ದಿನ ಹಗಲೂ ರಾತ್ರಿ ಕೆಲ್ಸ, ಫಿಟ್ಟರ್ ವೆಲ್ಡರ್ ಎಷ್ಟಿದ್ರೂ ಸಾಲಲ್ಲ. ಎರಡು ಶಟ್‌ಡೌನ್ ಮಾಡಿದೋನು ಗಲ್ಫ್ ಇಂಟರ್‌ವ್ಯೂಗೆ ಹೋದ್ರೆ ಮಾತೇ ಬೇರೆ. ಆದ್ರೆ ಮಂಗಳೂರಿಗೆ ಕಳ್ಸಿದ್ರೆ ವೀಸಾ ಇಲ್ಲ, ವೀಸಾ ಇಲ್ದಿದ್ರೆ ಕಮಿಷನ್ ಇಲ್ಲ. ನನ್ನ ಅನುಮಾನ ಇಷ್ಟೇ, ತಪ್ಪಾಗಿದ್ರೆ ಅವ್ರೇ ಹೇಳ್ಲಿ.

ಸ್ಟಾರ್ ಕೊಡೋದಾದ್ರೆ ವೆಲ್ಡಿಂಗ್ ಶೆಡ್ಡಿಗೆ ನಾಲ್ಕೂವರೆ. ಥಿಯರಿಗೆ ಒಂದೂವರೆ, ಅರ್ಧ ತಿದ್ಕೊಂಡಿದ್ದಕ್ಕೆ. ಪ್ಲೇಸ್‌ಮೆಂಟಿಗೆ ಸೊನ್ನೆ ಹಾಕೋಕೆ ಬರಲ್ಲ ಅಂತ ಒಂದು. ಮೂರನೇ ಕಂತಿನ 20 ಸಾವಿರ ನಾವು ಕಟ್ಲಿಲ್ಲ, ಅವ್ರು ಡಿಪ್ಲೊಮಾ ಕೊಡ್ಲಿಲ್ಲ, ಸಮ ಆಯ್ತು. ಹುಡ್ಗ ಈಗ ಹಗಲು ನನ್ನ ಶೆಡ್ಡಲ್ಲಿ ಗೇಟು ಕಿಟಕಿ ವೆಲ್ಡ್ ಮಾಡ್ತವ್ನೆ, ಭಾನುವಾರ ಮೇಷ್ಟ್ರ ಮನೆಗೆ ಹೋಗಿ ತುಂಡು ಪೈಪಲ್ಲಿ ರೂಟ್ ಹಾಕ್ತವ್ನೆ, ಮುಂದಿನ ಶಟ್‌ಡೌನಿಗೆ ಮಂಗಳೂರಿನ ಒಬ್ಬ ಸಬ್‌ಕಾಂಟ್ರಾಕ್ಟರ್ ಹತ್ರ ಹೆಸರು ಕೊಟ್ಟಿದೀವಿ.

ಸೇರ್ಬೇಕು ಅನ್ನೋರಿಗೆ: ಪೂರ್ತಿ ಡಿಪ್ಲೊಮಾ ಬೇಡ, ಬರೀ 6ಜಿ ವೆಲ್ಡಿಂಗ್ ಬೇಕು ಅಂತ ಪಟ್ಟು ಹಿಡೀರಿ. ಬೋರ್ಡಲ್ಲಿ ಹಾಕಿಲ್ಲ, ಆದ್ರೆ 28 ಸಾವಿರಕ್ಕೆ ಅದನ್ನೊಂದೇ ಕೊಡ್ತಾರೆ, ಆರು ವಾರ, ಪೈಪು ರಾಡು ಎಲ್ಲಾ ಸೇರಿ. ಬೆಳಗ್ಗೆ 9ರ ಬ್ಯಾಚೇ ಕೇಳಿ, ಮಧ್ಯಾಹ್ನದ ಬ್ಯಾಚಿಗೆ ಮೇಷ್ಟ್ರು ಇರಲ್ಲ, ಅವ್ರ ಹಳೇ ಸ್ಟೂಡೆಂಟ್ ಒಬ್ಬ ನೋಡ್ಕೊಳ್ತಾನೆ. ಕಾಟನ್ ಪ್ಯಾಂಟ್ ಹಾಕ್ಕೊಂಡು ಹೋಗಿ, ನಮ್ಮ ಹುಡ್ಗ ಮೊದಲ್ನೇ ದಿನ ಸಿಂಥೆಟಿಕ್ ಟ್ರ್ಯಾಕ್ ಪ್ಯಾಂಟಲ್ಲಿ ಹೋಗಿ ತೊಡೆ ಮೇಲೆ ಮೂರು ತೂತು ಮಾಡ್ಕೊಂಡು ಬಂದಿದ್ದ.